ಹದಿನೇಳನೇ ಕಾರ್ಡಿನ ಕೆಮ್ಮು

ಕೀಲಿ ಅಕ್ಕ ಮುಂಬಾಗಿಲಿನಿಂದ ಬರುವುದನ್ನು ನಿಲ್ಲಿಸಿದಳು ಅನ್ನುವುದನ್ನು ಇಡೀ ಭಾಷಾ ವಿಭಾಗದಲ್ಲಿ ಗಮನಿಸಿದವನು ನಾನೊಬ್ಬನೇ. ಗಮನಿಸದೆ ಏನು ಮಾಡಲಿ? ನಾನು ವಿಶ್ವವಿದ್ಯಾಲಯದ ಬೈಂಡರ್. ಮೂವತ್ತೊಂದು ವರ್ಷದಿಂದ ನೆಲಮಾಳಿಗೆಯ ಒಂದು ಕೋಣೆಯಲ್ಲಿ ಕೂತು, ಬೇರೆಯವರು ಬರೆದ ಪ್ರಬಂಧಗಳಿಗೆ ಹೊಲಿಗೆ ಹಾಕಿ, ಅಂಟು ಹಚ್ಚಿ, ರಟ್ಟು ಹೊದಿಸುತ್ತೇನೆ. ನನ್ನ ಕೋಣೆಯ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿದೆ. ಅದರಿಂದ ಮನುಷ್ಯರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ಯಾವ ಪ್ರೊಫೆಸರು ಚಪ್ಪಲಿ ಎಳೆದುಕೊಂಡು ನಡೆಯುತ್ತಾರೆ, ಯಾವ ವಿದ್ಯಾರ್ಥಿ ಯಾರ ಕಾಲಿನ ಪಕ್ಕ ಅಗತ್ಯಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತಾನೆ, ಎಲ್ಲ ನನಗೆ ಗೊತ್ತು. ಹೇಳುವುದಿಲ್ಲ ಅಷ್ಟೇ. ಹೇಳಿದರೂ ಪೂರ್ತಿ ಹೇಳುವುದಿಲ್ಲ.

ಬೆಳಿಗ್ಗೆ ಏಳೂಮುಕ್ಕಾಲಿಗೆ ಕೀಲಿ ಅಕ್ಕನ ಕಾಲು ಬರುತ್ತಿತ್ತು. ಬಲಗಾಲಿನ ಚಪ್ಪಲಿಯ ಹಿಮ್ಮಡಿ ಸವೆದಿದೆ, ಆದ್ದರಿಂದ ಗುರುತು ಸುಲಭ. ಕಾಲಿಗಿಂತ ಮೊದಲು ಸದ್ದು. ಅವಳ ಗೊಂಚಲಿನಲ್ಲಿ ನಲವತ್ತಮೂರು ಕೀಲಿಕೈಗಳಿವೆ, ಕಪಾಟು, ಡ್ರಾಯರು, ತರಗತಿ, ಶೌಚಾಲಯ ಎಲ್ಲದರದ್ದೂ. ಆ ಸದ್ದು ಕೇಳಿದರೆ ನಾನು ಅಂಟು ಕಾಯಿಸಲು ಒಲೆ ಹಚ್ಚುತ್ತಿದ್ದೆ. ಗಡಿಯಾರ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

ಒಂದು ಸೋಮವಾರ ಸದ್ದೂ ಬರಲಿಲ್ಲ, ಕಾಲೂ ಬರಲಿಲ್ಲ. ಮಂಗಳವಾರ ನೋಡಿದರೆ ಆ ಕಾಲುಗಳು ಕಟ್ಟಡವನ್ನು ಸುತ್ತಿಕೊಂಡು ಹಿಂದೆ, ಕಸದ ಡಬ್ಬಿಗಳ ಪಕ್ಕದ ಕಬ್ಬಿಣದ ಮೆಟ್ಟಿಲ ಕಡೆ ಹೋಗುತ್ತಿವೆ. ಸದ್ದಿಲ್ಲ. ಬುಧವಾರ ನಾನೇ ಹೊರಗೆ ಹೋಗಿ ನಿಂತೆ. ಕೀಲಿಕೈಯ ಗೊಂಚಲಿಗೆ ಅವಳು ಒಂದು ಹಳೇ ಕಾಲುಚೀಲ ತೊಡಿಸಿದ್ದಳು. “ಏನಕ್ಕ, ನಮ್ಮ ಯೂನಿವರ್ಸಿಟಿಗೇ ಕನ್ನ ಹಾಕೋ ಯೋಚನೆನಾ?” ಅಂತ ಕಿಚಾಯಿಸಿದೆ. ಅವಳು ನಗಲಿಲ್ಲ. ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು. ಮುಂಬಾಗಿಲ ಕಡೆ ಕಣ್ಣು ಹಾಯಿಸಿ, ಮತ್ತೆ ನೆಲ ನೋಡಿ, ಹತ್ತಿ ಹೋದಳು.

ಅವಳ ಬಗ್ಗೆ ಆವತ್ತಿನವರೆಗೆ ನನಗೆ ಗೊತ್ತಿದ್ದದ್ದು ಇಷ್ಟು. ಇಪ್ಪತ್ತೆರಡು ವರ್ಷದಿಂದ ವಿಭಾಗದ ಅಟೆಂಡರ್. ಹಾಸ್ಟೆಲ್ ಶಾಲೆಯಲ್ಲಿ ಬೆಳೆದವಳು, ತನ್ನವರು ಅಂತ ಯಾರೂ ಇಲ್ಲ ಅನ್ನುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದ, ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ. ಕೆಲಸದಲ್ಲಿ ಒಂದು ಕಸವೂ ಉಳಿಯದ ಹಾಗೆ ಚೊಕ್ಕಟ. ಮಾತು ಮಾತ್ರ ಎಣಿಸಿ ಇಟ್ಟ ಹಾಗೆ. ನನ್ನ ಕೋಣೆಗೆ ಅವಳು ಯಾವತ್ತೂ ಕಾಲಿಟ್ಟವಳಲ್ಲ. ಪ್ರಬಂಧಗಳ ಕಟ್ಟನ್ನು ಬಾಗಿಲಲ್ಲೇ ಇಟ್ಟು, ಮೂಗಿಗೆ ಕೈ ಅಡ್ಡ ಹಿಡಿದು ಹೊರಟುಬಿಡುತ್ತಿದ್ದಳು. ಅಂಟಿನ ವಾಸನೆ ಅಂದರೆ ಈ ಮಹಾರಾಣಿಗೆ ಹೇಸಿಗೆ ಅಂತ ನಾನು ಎಷ್ಟೋ ವರ್ಷ ಒಳಗೊಳಗೇ ಉರಿದುಕೊಂಡಿದ್ದೇನೆ. ನನ್ನ ಬುದ್ಧಿಯೂ ಅಷ್ಟೇ.

ಆ ವಿಭಾಗದ ಹೆಮ್ಮೆ ಅಂದರೆ ಮೇಲ್ಗಡೆ ಬೆಟ್ಟದ ಜನರ ಭಾಷೆ. ನಲವತ್ತೈದು ವರ್ಷದ ಹಿಂದೆ ಒಬ್ಬ ದೊಡ್ಡ ಪ್ರೊಫೆಸರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಆ ಜನರ ಮನೆಮನೆಗೆ ಹೋಗಿ, ಅವರ ಮಾತು ಹಿಡಿದು ತಂದು, ನಿಘಂಟು ಮಾಡಿದ್ದರು. ಟೇಪುಗಳು ಕಪಾಟಿನಲ್ಲಿ, ಕಾರ್ಡುಗಳು ಡ್ರಾಯರಿನಲ್ಲಿ, ಮಾತಾಡಿದ ಇಪ್ಪತ್ತನಾಲ್ಕು ಜನರ ಫೋಟೊ ಮುಂಬಾಗಿಲ ಪಕ್ಕದ ಗೋಡೆಯಲ್ಲಿ. ಪ್ರತಿ ಫೋಟೊದಲ್ಲೂ ಮನುಷ್ಯರ ಪಕ್ಕ ಒಂದು ಅಳತೆಪಟ್ಟಿ ನಿಂತಿದೆ. ಕೆಳಗೆ ನಂಬರು ಇದೆ, ಹೆಸರಿಲ್ಲ. ಅವುಗಳ ಗಾಜು ಒರೆಸುವುದು ಕೀಲಿ ಅಕ್ಕನ ಕೆಲಸ.

ಎರಡು ವರ್ಷದ ಹಿಂದೆ ವಿಭಾಗಕ್ಕೆ ಹೊಸ ಮುಖ್ಯಸ್ಥರಾಗಿ ಮೇಡಂ ಬಂದರು. ಒಳ್ಳೆಯವರು, ಸುಳ್ಳು ಯಾಕೆ ಹೇಳಲಿ. ಬಂದವರೇ ಪ್ರೊಫೆಸರ ಆಳೆತ್ತರದ ಚಿತ್ರವನ್ನು ಸಭಾಂಗಣದಿಂದ ಇಳಿಸಿ ನನ್ನ ಕೋಣೆಗೆ ಕಳಿಸಿದರು. ಈಗಲೂ ಅವರು ನನ್ನ ರಟ್ಟುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ನಾವು ಬೇರೆಯವರ ಜ್ಞಾನವನ್ನು ಎತ್ತಿಕೊಂಡು ಬಂದು ನಮ್ಮದು ಅಂತ ಬೀಗ ಹಾಕಿ ಇಟ್ಟುಕೊಂಡಿದ್ದೇವೆ, ಅದು ಯಾರದೋ ಅವರ ಕೈಗೆ ವಾಪಸ್ ಹೋಗಬೇಕು, ಇನ್ನು ಮೇಲೆ ಅವರೇ ಇಲ್ಲಿ ಗುರುಗಳು, ನಾವು ಶಿಷ್ಯರು ಅಂತ ಮೇಡಂ ಭಾಷಣ ಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ಬೆಟ್ಟದಿಂದ ನಾಲ್ಕು ಜನ ಹಿರಿಯರನ್ನು ಕರೆಸಿ, ಟೇಪುಗಳ ಪ್ರತಿಯನ್ನು ಅವರ ಕೈಗೆ ಒಪ್ಪಿಸುವುದು ಅಂತ ನಿಶ್ಚಯವಾಯಿತು. ಅದಕ್ಕೆ ಮೂರು ವಾರ ಮೊದಲು ಮುಂಬಾಗಿಲ ಮೇಲೆ ಒಂದು ಹಿತ್ತಾಳೆ ಫಲಕ ಬಂತು. ಅದರ ಮೇಲೆ ಆ ಜನರ ಭಾಷೆಯ ಒಂದೇ ಪದ: ಎಮುರಾ. ನಿಘಂಟಿನ ಪ್ರಕಾರ ಅರ್ಥ, ಸ್ವಾಗತ.

ಆ ಫಲಕ ಬಂದದ್ದು ಒಂದು ಶನಿವಾರ. ಅಕ್ಕನ ಕಾಲು ದಾರಿ ಬದಲಿಸಿದ್ದು ಮರು ಸೋಮವಾರ. ನಾನು ಆಗ ಎರಡನ್ನೂ ಸೇರಿಸಿ ನೋಡಲಿಲ್ಲ.

ಹಿರಿಯರು ಬಂದಾಗ ಬಾಗಿಲಲ್ಲಿ ನಿಂತು ಆ ಪದ ಹೇಳಲು ಮೇಡಂ ಆರಿಸಿದ್ದು ಕೀಲಿ ಅಕ್ಕನ ಮಗಳನ್ನೇ. ಹುಡುಗಿ ಅದೇ ವಿಭಾಗದಲ್ಲಿ ಎಂ.ಎ. ಓದುತ್ತಿದ್ದಳು. ಬೇರೆ ಏನಾದರೂ ಓದು, ಇದೊಂದು ಬೇಡ ಅಂತ ಅಮ್ಮ ಕೈಮುಗಿದು ಕೇಳಿಕೊಂಡಳಂತೆ. ಕಾರಣ ಮಾತ್ರ ಹೇಳಲಿಲ್ಲವಂತೆ. ಕಾರಣ ಹೇಳದೆ ಬೇಡ ಅಂದರೆ ಯಾವ ಮಕ್ಕಳು ಕೇಳುತ್ತವೆ? ಅವಳು ನನ್ನನ್ನು ಮಾವ ಅನ್ನುತ್ತಾಳೆ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ನನ್ನ ಕೋಣೆಯಲ್ಲೇ ಕೂರುತ್ತಿದ್ದಳು. ಹಳೇ ಟೇಪು ಕೇಳಿ, ಕಾರ್ಡಿನಲ್ಲಿ ಬರೆದದ್ದರ ಜೊತೆ ಹೋಲಿಸಿ, ಕಂಪ್ಯೂಟರಿಗೆ ಹಾಕುವ ಕೆಲಸ ಅವಳಿಗೆ ಸಿಕ್ಕಿತ್ತು. ಒಂದು ದಿನ ಉಣ್ಣುತ್ತಾ, “ಹದಿನೇಳನೇ ನಂಬರಿನ ಹೆಂಗಸಿಗೆ ಎಷ್ಟು ಕೆಮ್ಮು ಗೊತ್ತಾ ಮಾವ, ಪಾಪ,” ಅಂದಳು. “ಎಮುರಾ ಅಂತ ಹೇಳಿದ್ದೇ ತಡ, ಉಸಿರು ಕಟ್ಟೋ ಹಾಗೆ ಶುರುವಾಗುತ್ತೆ. ಕಾರ್ಡಲ್ಲೂ ಬರ್ದಿದಾರೆ, ಕೆಮ್ಮು, ಎರಡು ನಿಮಿಷ ಅಂತ.”

ಕಾರ್ಯಕ್ರಮಕ್ಕೆ ಎರಡೇ ದಿನ ಇದ್ದಾಗ ಕೀಲಿ ಅಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದಳು. ಕಟ್ಟು ಇಟ್ಟು ಹೋಗಲಿಲ್ಲ. ಒಳಗೆ ಬಂದಳು. ಬಂದವಳೇ ಬಾಗಿಲು ಹಾಕಿ, ಅಂಟಿನ ಡಬ್ಬಿಯಿಂದ ಆದಷ್ಟು ದೂರ, ಪ್ರೊಫೆಸರ ಬೆನ್ನಿನ ಪಕ್ಕ ನಿಂತುಕೊಂಡಳು. ನಾನು ಸ್ಟೂಲು ತಳ್ಳಿದೆ, ಕೂರಲಿಲ್ಲ. ಡಬ್ಬಿಗೆ ಮುಚ್ಚಳ ಹಾಕಿ ಅಣ್ಣ ಅಂದಳು. ಹಾಕಿದೆ.

ಆಮೇಲೆ ಹೇಳಿದಳು. ಒಂದೇ ಉಸಿರಿನಲ್ಲಲ್ಲ, ಬಿಟ್ಟು ಬಿಟ್ಟು, ಮಧ್ಯೆ ಬಾಗಿಲ ಕಡೆ ಕಿವಿಗೊಟ್ಟು. ಗೋಡೆಯ ಮೇಲಿನ ಹದಿನೇಳನೇ ನಂಬರು ಅವಳ ಅಮ್ಮ.

ನನ್ನ ಕೈಯಲ್ಲಿದ್ದ ದಬ್ಬಣ ಹಾಗೇ ನಿಂತಿತು. ಇಪ್ಪತ್ತೆರಡು ವರ್ಷ ಅವಳು ಹೆತ್ತಮ್ಮನ ಮುಖದ ಮೇಲಿನ ಧೂಳು ಒರೆಸಿದ್ದಾಳೆ, ಒಬ್ಬರಿಗೂ ಹೇಳದೆ. ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ಅವಳಿಗೆ ಏಳು ವರ್ಷವಾದಾಗ ಅಮ್ಮ ಹೋದಳಂತೆ. ಹಾಸ್ಟೆಲ್ ಶಾಲೆಗೆ ಹಾಕಿದರು. ಅಲ್ಲಿ ಯಾವ ಮಗು ಆ ಭಾಷೆಯಲ್ಲಿ ಒಂದು ಮಾತಾಡಿದರೂ ವಾರ್ಡನ್ನು ಒಂದು ಪಟ್ಟಿ ಕಾಗದಕ್ಕೆ ಅಂಟು ಬಳಿದು ಬಾಯಿಗೆ ಹಚ್ಚಿಬಿಡುತ್ತಿದ್ದನಂತೆ. ಸಂಜೆ ತನಕ ಕೀಳುವ ಹಾಗಿಲ್ಲ. ಸಂಜೆ ಕಿತ್ತರೆ ತುಟಿಯ ಚರ್ಮವೂ ಬರುತ್ತಿತ್ತು. ಪುಸ್ತಕಕ್ಕೆ ಹಚ್ಚುವ ಅದೇ ಅಂಟು. ನಾನು ಇಷ್ಟು ವರ್ಷ ಮಹಾರಾಣಿ ಅಂದುಕೊಂಡದ್ದು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ.

ಆದರೆ ಅವಳು ಹೇಳಲು ಬಂದದ್ದು ಅದನ್ನಲ್ಲ. ಆ ಪದವನ್ನು.

ಪ್ರೊಫೆಸರು ಅವರ ಮನೆಗೆ ಬಂದಾಗ ಇವಳಿಗೆ ಐದು ವರ್ಷ. ಎರಡು ದಿನದ ಹಿಂದಷ್ಟೇ ಇವಳ ತಮ್ಮ, ಮೂರು ವರ್ಷದ ಮಗು, ಜ್ವರದಲ್ಲಿ ಹೋಗಿತ್ತು. ಅವರಲ್ಲಿ ಸತ್ತವರ ಹೆಸರನ್ನು ತಕ್ಷಣ ಹೇಳುವುದಿಲ್ಲ. ಬಾಗಿಲಲ್ಲಿ ನಿಂತವರು ಅನ್ನುತ್ತಾರೆ. ಪ್ರೊಫೆಸರಿಗೆ ಇದೆಲ್ಲ ಎಲ್ಲಿ ಗೊತ್ತು? ಜೊತೆಗಿದ್ದ ದುಭಾಷಿಯನ್ನು ಮುಂದೆ ಬಿಟ್ಟು, ಬಾಗಿಲಲ್ಲಿ ನಿಂತವರಿಗೆ ನೀವು ಏನು ಹೇಳುತ್ತೀರಿ ಅಂತ ಕೇಳಿಸಿದರು. ಅತಿಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದು. ಮಗುವನ್ನು ಕಳಿಸಿ ಎರಡು ದಿನವಾಗಿದ್ದ ಆ ತಾಯಿ, ಕೇಳಿದ್ದಕ್ಕೆ ನಿಜವಾದ ಉತ್ತರವನ್ನೇ ಕೊಟ್ಟಳು. ಎಮುರಾ. ತಿರುಗಿ ನೋಡದೆ ಹೋಗು ಅಂತ ಅರ್ಥ. ಹೆಣವನ್ನು ಹೊಸ್ತಿಲು ದಾಟಿಸುವಾಗ, ಜೀವ ಹಿಂದಕ್ಕೆ ಬಂದು ಮನೆಯಲ್ಲೇ ಸಿಕ್ಕಿಕೊಳ್ಳದಿರಲಿ ಅಂತ, ಹತ್ತಿರದವರು ಒಂದೇ ಒಂದು ಸಲ ಹೇಳುವ ಮಾತು. ಹೇಳಿದವಳು ಅತ್ತಳು. ಅದನ್ನೇ ಕಾರ್ಡಿನಲ್ಲಿ ಕೆಮ್ಮು ಅಂತ ಬರೆದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅದನ್ನೇ ನಿಘಂಟು ಮಾಡಿ, ಅದರ ಮೇಲೆ ಹನ್ನೊಂದು ಪ್ರಬಂಧ ಬರೆದು, ಹನ್ನೊಂದಕ್ಕೂ ನಾನೇ ಹೊಲಿಗೆ ಹಾಕಿ, ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತಿದ್ದೇನೆ.

“ಅದು ಸುಮ್ನೆ ಮಾತಲ್ಲ ಅಣ್ಣ, ಕಳಿಸೋ ಮಾತು,” ಅಂದಳು ಅಕ್ಕ. “ಬದುಕಿರೋರಿಗೆ ಹೊಸ್ತಿಲಲ್ಲಿ ಹೇಳಿದ್ರೆ ಅವರು ಹೊರಡ್ತಾರೆ. ಹೇಳಿದವರನ್ನೂ ಕರ್ಕೊಂಡು ಹೋಗ್ತಾರೆ. ನಿನ್ನೆ ಸಂಜೆ ಮಗಳು ಮನೇಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ಲು. ಹನ್ನೆರಡು ಸಲ. ತನಗೆ ತಾನೇ ಹೇಳ್ಕೊಂಡ್ಲು.”

ನಾನು ದೆವ್ವ ಭೂತ ನಂಬುವವನಲ್ಲ. ಆದರೆ ಅವಳು ಹನ್ನೆರಡು ಅಂತ ಎಣಿಸಿದ್ದಳಲ್ಲ, ಅದನ್ನು ಕೇಳಿ ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟೆ. ಮಗಳಿಗೆ ಹೇಳಿಬಿಡು, ಮುಗಿದುಹೋಯಿತು ಅಂದೆ. ಹೇಳಲು ಎಷ್ಟೋ ಸಲ ಎದುರು ಕೂತಿದ್ದಾಳಂತೆ. ಬಾಯಿ ತೆರೆಯುವುದಿಲ್ಲ. ಈಗಲೂ ತುಟಿಯ ಮೇಲೆ ಆ ಪಟ್ಟಿ ಇದ್ದ ಹಾಗೆ ಬಿಗಿಯುತ್ತದೆ. ಹಾಗಾದರೆ ಮೇಡಂಗೆ ಹೇಳು ಅಂದೆ. ಅದಕ್ಕೆ ಅವಳ ಮುಖದಲ್ಲಿ ಬಂದ ಭಯವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

“ಅಮ್ಮನ್ನ ಗೋಡೆಗೆ ಹಾಕಿದ್ರು. ಧ್ವನೀನ ಪೆಟ್ಟಿಗೆಗೆ ಹಾಕಿದ್ರು. ಆ ಪೆಟ್ಟಿಗೆ ಕೀಲಿಕೈ ನನ್ನ ಕೈಲೇ ಇದೆ, ಒಂದು ದಿನ ತೆಗೆದು ಕೇಳೋ ಧೈರ್ಯ ಇಲ್ಲ ನಂಗೆ. ನಾನು ಯಾರು ಅಂತ ಗೊತ್ತಾದ್ರೆ ನನ್ನನ್ನೂ ಹಾಕ್ತಾರೆ ಅಣ್ಣ. ಆಮೇಲೆ ಅವಳನ್ನೂ.”

ಯಾರಿಗೂ ಹೇಳುವುದಿಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡು, ಬಂದ ಹಾಗೇ ಸದ್ದಿಲ್ಲದೆ ಹೋದಳು. ನನ್ನ ಪಾಡು ಬಿಸಿ ತುಪ್ಪ ಬಾಯಲ್ಲಿಟ್ಟವನದಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮರುದಿನ ತಡೆಯಲಾಗದೆ ಮೇಡಂ ಕೋಣೆಗೆ ಹೋದೆ. ಹೆಸರು ಹೇಳದೆ ಕೆಲಸ ಆದೀತು ಅಂದುಕೊಂಡಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಕೂರಿಸಿ, ಕುಡಿಯಲು ನೀರು ಕೊಟ್ಟು ಕೇಳಿಸಿಕೊಂಡರು. ಬಾಗಿಲ ಮೇಲಿನ ಆ ಪದ ತಪ್ಪಂತೆ, ಅದನ್ನು ಹೇಳಿಸಬೇಡಿ ಅಂದೆ. ಮೇಡಂ ಪೆನ್ನು ತೆಗೆದುಕೊಂಡು, ಯಾರು ಹೇಳಿದ್ದು, ಮಾಹಿತಿದಾರರು ಯಾರು, ಯಾವ ಹಳ್ಳಿಯವರು, ವಯಸ್ಸೆಷ್ಟು, ಅವರನ್ನು ರೆಕಾರ್ಡ್ ಮಾಡಬಹುದಾ ಅಂತ ಕೇಳತೊಡಗಿದರು. ಕಣ್ಣು ಹೊಳೆಯುತ್ತಿತ್ತು. ಅಕ್ಕ ಹೆದರಿದ್ದು ಸುಮ್ಮನಲ್ಲ ಅಂತ ನನಗೆ ಆಗ ಅರ್ಥವಾಯಿತು. ಯಾರೋ ಬಸ್ಸಿನಲ್ಲಿ ಹೇಳಿದರು ಅಂತ ತೊದಲಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು. ಬಸ್ಸಿನ ಮಾತು ಕೇಳಿ ನಲವತ್ತೈದು ವರ್ಷದ ಕೆಲಸ ಅಳಿಸಲಾಗುತ್ತದಾ, ನಾಳೆ ಹಿರಿಯರೇ ಬರುತ್ತಾರಲ್ಲ, ಅವರನ್ನೇ ಕೇಳೋಣ ಅಂದರು. ಕೇಳುವ ಹೊತ್ತಿಗೆ ಹುಡುಗಿ ಹೇಳಿ ಆಗಿರುತ್ತದೆ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಮಾತು ಆಡಿದರೆ ಹೋಯಿತು ಅನ್ನುವುದನ್ನು ಭಾಷೆಯ ಪ್ರೊಫೆಸರಿಗೆ ಬೈಂಡರ್ ಕಲಿಸಬೇಕಾ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೀರಿ ಅನ್ನಬೇಕು ಅನ್ನಿಸಿತು. ಕೊಟ್ಟ ಮಾತು ನೆನಪಾಗಿ ನೀರು ಕುಡಿದು ಎದ್ದೆ.

ಮರುದಿನ ಹನ್ನೊಂದಕ್ಕೆ ಕಾರ್ಯಕ್ರಮ. ಹತ್ತೂವರೆಗೇ ನಾನು ಏಪ್ರನ್ ಬಿಚ್ಚಿ ಮೇಲೆ ಹೋಗಿ, ಮುಂಬಾಗಿಲ ಒಳಗಡೆ ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ ನಿಂತೆ. ಮೂರು ಸಾಲು ವಿದ್ಯಾರ್ಥಿಗಳು. ಬಾಗಿಲಲ್ಲಿ ಮೇಡಂ. ಅವರ ಪಕ್ಕ ಹುಡುಗಿ, ಹೊಸ ಬಟ್ಟೆ ಹಾಕಿಕೊಂಡು, ತುಟಿಯಲ್ಲೇ ಪದ ಗುನುಗಿಕೊಳ್ಳುತ್ತಾ. ನನ್ನನ್ನು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕ ಎಲ್ಲೂ ಕಾಣಲಿಲ್ಲ. ಟೇಪಿನ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರಬೇಕು ಅಂದುಕೊಂಡೆ. ನಾನೇ ಏನಾದರೂ ಮಾಡಬೇಕಾ, ಬಿದ್ದ ಹಾಗೆ ನಾಟಕ ಮಾಡಲಾ, ಈ ಸಿಲಿಂಡರು ಬಿಚ್ಚಿ ನೊರೆ ಎರಚಲಾ ಅಂತೆಲ್ಲ ಯೋಚನೆ ಬಂತು. ಕಾಲು ಮಾತ್ರ ನೆಲಕ್ಕೆ ಕಚ್ಚಿಕೊಂಡಿತ್ತು.

ಹಿರಿಯರು ಬಂದರು. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಎಲ್ಲರಿಗಿಂತ ಮುಂದೆ ಕೋಲು ಹಿಡಿದ ಮುದುಕಿ, ಅವಳ ಕೈ ಹಿಡಿದು ಮೊಮ್ಮಗಳು. ಮೂರು ಮೆಟ್ಟಿಲು ಹತ್ತಿದ ಮೇಲೆ ಮೊಮ್ಮಗಳು ತಲೆ ಎತ್ತಿ ಫಲಕ ಓದಿದಳು. ಏನು ಬರೆದಿದೆ ಅಂತ ಅಜ್ಜಿ ಕೇಳಿರಬೇಕು. ಮೊಮ್ಮಗಳು ಅಜ್ಜಿಯ ಕಿವಿಗೆ ಬಗ್ಗಿ ಏನೋ ಹೇಳಿದಳು. ಮುದುಕಿ ಅಲ್ಲೇ ನಿಂತಳು. ಹಿಂದಿನವರೂ ಫಲಕ ನೋಡಿ ನಿಂತರು. ನಾಲ್ಕೂ ಮುಖಗಳಲ್ಲಿ ಒಂದೇ ಸಲ ರಕ್ತ ಇಳಿದದ್ದನ್ನು ನಾನು ಕಂಡೆ. ಒಬ್ಬ ಗಂಡಸು ಒಂದು ಮೆಟ್ಟಿಲು ಹಿಂದಕ್ಕೆ ಇಳಿದ.

ಸಂಕೋಚ ಅಂದುಕೊಂಡು ಮೇಡಂ ಬನ್ನಿ ಬನ್ನಿ ಅಂತ ಕೈ ಚಾಚಿ, ಹುಡುಗಿಗೆ ಕಣ್ಸನ್ನೆ ಮಾಡಿದರು. ಹುಡುಗಿ ಹೊಸ್ತಿಲಿಗೆ ಹೆಜ್ಜೆ ಇಟ್ಟು ಬಾಯಿ ತೆರೆದಳು. ಎ ಅನ್ನುವ ಒಂದಕ್ಷರ ಬಂತು.

ಎಲ್ಲಿಂದ ಬಂದಳೋ ಗೊತ್ತಿಲ್ಲ. ಕೀಲಿಕೈಗೆ ಕಾಲುಚೀಲ ಇದ್ದದ್ದರಿಂದ ನನಗೂ ಕೇಳಿಸಲಿಲ್ಲ. ಹಿಂದಿನಿಂದ ಬಂದು ಅಕ್ಕ ಮಗಳ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದುಬಿಟ್ಟಳು. ಹುಡುಗಿ ಕೊಸರಾಡಿದಳು. ಅಕ್ಕ ಇನ್ನೂ ಗಟ್ಟಿಯಾಗಿ ಒತ್ತಿದಳು. ಆಮೇಲೆ ಅವಳ ಕಣ್ಣು ತನ್ನ ಕೈಯ ಮೇಲೆಯೇ ಬಿತ್ತು. ತನ್ನ ಮಗಳ ತುಟಿಯ ಮೇಲೆ ಪಟ್ಟಿಯ ಹಾಗೆ ಮೆತ್ತಿಕೊಂಡಿದ್ದ ಕೈ. ಬೆಂಕಿ ಮುಟ್ಟಿದವಳಂತೆ ತೆಗೆದಳು. ಹುಡುಗಿ ಗೋಡೆಗೆ ಒರಗಿ ಅಮ್ಮನನ್ನೇ ನೋಡುತ್ತಿದ್ದಳು, ಹೆದರಿಕೊಂಡು. ಆ ಮಗು ಅಮ್ಮನಿಗೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕ ಮೆಟ್ಟಿಲ ಕಡೆ ತಿರುಗಿದಳು. ತುಟಿ ಬಿಗಿದಿತ್ತು. ನಾನು ಸಿಲಿಂಡರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಕೊನೆಗೆ ಬಾಯಿ ತೆರೆಯಿತು. ಎರಡೋ ಮೂರೋ ಪದ, ಒಡಕು ಧ್ವನಿಯಲ್ಲಿ, ಆ ಭಾಷೆಯಲ್ಲಿ. ಅವರಲ್ಲಿ ಸ್ವಾಗತ ಅನ್ನುವುದಕ್ಕೆ ಪದವೇ ಇಲ್ಲವಂತೆ, ಆಮೇಲೆ ಹೇಳಿದಳು. ಮನೆಯೊಳಗಿನವರು ಯಾರ ಮಗಳು ಅಂತ ಕೇಳುತ್ತಾರೆ. ಬಂದವರು ತಾಯಿಯ ಹೆಸರು ಹೇಳಿ ಒಳಗೆ ಬರುತ್ತಾರೆ. ಅಷ್ಟೇ ಅವರ ಸ್ವಾಗತ.

ಮುದುಕಿ ತನ್ನ ತಾಯಿಯ ಹೆಸರು ಹೇಳಿದಳು. ಹೇಳಿ, ಅದೇ ಪ್ರಶ್ನೆಯನ್ನು ತಿರುಗಿ ಕೇಳಿದಳು. ಅಕ್ಕ ಗೋಡೆಯತ್ತ ಕೈ ತೋರಿಸಿ ಒಂದು ಹೆಸರು ಹೇಳಿದಳು. ಆ ಹೆಸರು ನನಗೆ ಈಗ ಗೊತ್ತು. ಬರೆಯಬೇಡಿ ಅಂದಿದ್ದಾಳೆ, ಬರೆಯುವುದಿಲ್ಲ.

ಮುದುಕಿ ಫಲಕ ನೋಡದೆ ತಲೆ ತಗ್ಗಿಸಿಕೊಂಡು ಉಳಿದ ಮೆಟ್ಟಿಲು ಹತ್ತಿದಳು. ಹತ್ತಿರ ಬಂದು, ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಅಕ್ಕನ ಗಲ್ಲ ಹಿಡಿದು ಮೆಲ್ಲಗೆ ಏನೋ ಹೇಳಿದಳು. ನಿನ್ನ ತಮ್ಮನನ್ನು ಎತ್ತಿಕೊಂಡು ಹೋದವರಲ್ಲಿ ನಾನೂ ಇದ್ದೆ ಅಂದಳಂತೆ.

ಅಕ್ಕ ಅಳತೊಡಗಿದಳು. ಹಿಂದಕ್ಕೆ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ತಾಗಿಸಿದಳು. ತಲೆಯ ಮೇಲೆ ಸರಿಯಾಗಿ ಹದಿನೇಳನೇ ಫೋಟೊ. ಅದೇ ಗಲ್ಲ, ಅದೇ ಹಣೆ. ಇಷ್ಟು ವರ್ಷ ಆ ಗೋಡೆಯ ಮುಂದೆ ಓಡಾಡಿದವರಲ್ಲಿ ಒಬ್ಬರಿಗೂ ಯಾಕೆ ಕಾಣಲಿಲ್ಲವೋ. ನನಗೂ ಕಂಡಿರಲಿಲ್ಲ.

ಮೇಡಂ ಕಣ್ಣಲ್ಲೂ ನೀರಿತ್ತು. ಅದು ನಾಟಕವಲ್ಲ. ಆದರೆ ಅವರ ಕೈ ತನ್ನಷ್ಟಕ್ಕೆ ತಾನೇ ಫೋನು ತೆಗೆದಿತ್ತು. ಅದರ ಮೇಲೆ ಕೆಂಪು ಚುಕ್ಕೆ ಉರಿಯುತ್ತಿತ್ತು. ಅದನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದು, ಇಪ್ಪತ್ತೆರಡು ವರ್ಷದಲ್ಲಿ ಆ ವಿಭಾಗದಲ್ಲಿ ಯಾರೂ ಅವಳ ಜೊತೆ ಆಡದಷ್ಟು ಮೆತ್ತಗೆ ಕೇಳಿದರು. “ಅಕ್ಕ, ಈಗ ಹೇಳಿದ್ರಲ್ಲ, ಇನ್ನೊಂದ್ ಸಲ ಹೇಳ್ತೀರಾ?”

ಅಕ್ಕ ಫೋನು ನೋಡಿದಳು. ಕೀಲಿಕೈಯ ಗೊಂಚಲು ಕಾಲುಚೀಲದೊಳಗೇ ಸದ್ದು ಮಾಡಿತು. ಕಣ್ಣೀರು ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು.

“ಆಗಲ್ಲ ಮೇಡಂ,” ಅಂದಳು. “ಕೆಮ್ಮು.”

ಹುಡುಗಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಅಮ್ಮನನ್ನು ನೋಡಿದಳು, ಮೇಲಿನ ಫೋಟೊ ನೋಡಿದಳು, ಅದರ ಕೆಳಗಿನ ನಂಬರು ನೋಡಿದಳು. ಮತ್ತೆ ಅಮ್ಮನನ್ನು ನೋಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಮೇಡಂ ಹಿಡಿದಿದ್ದ ಫೋನಿನ ಮೇಲೆ ತನ್ನ ಅಂಗೈ ಮುಚ್ಚಿದಳು.

“ನಿಲ್ಲಿಸಿ ಮೇಡಂ,” ಅಂದಳು. “ಅದು ಕೆಮ್ಮಲ್ಲ.”